ಗೆರೆ ಮೇಸ್ತ್ರಿಯ ಗಡಗಡೆ

ಜೂನ್ ೩, ಸೋಮವಾರ

ಸಸ್ಪೆಂಡ್ ಆಗಿ ಇವತ್ತಿಗೆ ಒಂಬತ್ತು ದಿನ. ಇಪ್ಪತ್ತಮೂರು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನಿಗೆ ಬರವಣಿಗೆ ಅಂದರೆ ಗೊತ್ತಿರುವುದು ಜಾಬ್ ಕಾರ್ಡ್ ಒಂದೇ: ಬಸ್ಸಿನ ನಂಬರು, ಮಾಡಿದ ಕೆಲಸ, ಸಹಿ. ಈಗ ಬಸ್ಸೂ ಇಲ್ಲ, ಕೆಲಸವೂ ಇಲ್ಲ. ಆದರೂ ಕೈ ಸುಮ್ಮನಿರುವುದಿಲ್ಲ. ಹಳೇ ರಿಜಿಸ್ಟರಿನ ಹಿಂದಿನ ಖಾಲಿ ಹಾಳೆಗಳಲ್ಲಿ ಗೀಚುತ್ತಿದ್ದೇನೆ. ಇದನ್ನು ಯಾರೂ ಓದಬೇಕಾಗಿಲ್ಲ.

ವಿಚಾರಣೆ ಜೂನ್ ೨೪ಕ್ಕೆ. ವಿಚಾರಣೆ ಮಾಡುವವನು ಕಚೇರಿ ಮನುಷ್ಯ, ಪಾನಾ ಹಿಡಿದವನಲ್ಲ. ಅವನಿಗೆ ಮೊದಲಿನಿಂದ ಹೇಳಬೇಕು. ಇಲ್ಲಿ ಒಂದು ಸಲ ಹೇಳಿ ನೋಡುತ್ತೇನೆ.

ಸಾರ್, ಮೇ ೨೫ರ ಬೆಳಿಗ್ಗೆ ನಾನೂ ನನ್ನ ಭಾವಮೈದನೂ ಒಂದು ಬಸ್ಸಿಗೆ ಹಿಂದಿನ ಎಡ ಚಕ್ರ ಹಾಕಿದೆವು. ಅವನು ನನ್ನ ಹೆಂಡತಿಯ ತಮ್ಮ, ಅವನನ್ನು ಡಿಪೋಗೆ ಸೇರಿಸಿ ಕೆಲಸ ಕಲಿಸಿದವನೂ ನಾನೇ. ಚಕ್ರಕ್ಕೆ ಹತ್ತು ನಟ್ಟು. ಮೊದಲು ಕೈಯಲ್ಲಿ ತಿರುಗಿಸಿ ಕೂರಿಸುವುದು, ಆಮೇಲೆ ಉದ್ದ ಪಾನಾ ಹಾಕಿ ಬಿಗಿ ಮಾಡುವುದು, ಕೊನೆಗೆ ನಟ್ಟಿನಿಂದ ಚಕ್ರದವರೆಗೆ ಹಳದಿ ಬಣ್ಣದಲ್ಲಿ ಒಂದೊಂದು ಗೆರೆ. ನಟ್ಟು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ಮುರಿದು ಕಾಣುತ್ತದೆ. ನಮ್ಮ ಡಿಪೋದಲ್ಲಿ ಆ ಗೆರೆ ಎಳೆಯುವವನು ನಾನೊಬ್ಬನೇ. ಅದಕ್ಕೇ ನನಗೆ ಗೆರೆ ಮೇಸ್ತ್ರಿ ಅಂತ ಹೆಸರು. ನನ್ನ ಗೆರೆ ಬಿದ್ದ ಚಕ್ರವನ್ನು ಡ್ರೈವರುಗಳು ಬಗ್ಗಿ ನೋಡುವುದೂ ಇಲ್ಲ.

ನಾನು ಬಿಗಿ ಮಾಡಿದೆ. ಬಿಗಿ ಮಾಡಿ ಗೆರೆ ಎಳೆದೆ. ಫೋರ್‌ಮನ್ ಕರೆದ ಅಂತ ಗೇಟಿನ ಹತ್ತಿರ ಹೋದೆ. ಆಮೇಲೆ ನನ್ನ ಭಾವಮೈದ ಏನು ಮಾಡಿದನೋ ಅವನಿಗೇ ಗೊತ್ತು. ಬ್ರೇಕ್ ನೋಡಲು ಮತ್ತೆ ಬಿಚ್ಚಿರಬಹುದು. ಡಿಪೋದಲ್ಲಿ ಅವನನ್ನು ಗಡಿಬಿಡಿ ಅಂತ ಕರೆಯುವುದು ಸುಮ್ಮನೆ ಅಲ್ಲ. ಕಾರ್ಡಿನಲ್ಲಿ ‘ಬಿಗಿ ಮಾಡಿದವರು’ ಅನ್ನುವ ಕಡೆ ಇರುವ ಸಹಿಯೂ ಅವನದೇ. ಬಸ್ಸು ಇಪ್ಪತ್ತು ಕಿಲೋಮೀಟರ್ ಹೋದ ಮೇಲೆ ತಿರುವಿನಲ್ಲಿ ಚಕ್ರ ಕಳಚಿತು. ಒಬ್ಬರು ಪ್ರಯಾಣಿಕರಿಗೆ ಪೆಟ್ಟಾಯಿತು. ನಮ್ಮಿಬ್ಬರನ್ನೂ ಸಸ್ಪೆಂಡ್ ಮಾಡಿದರು.

ಇಷ್ಟು ಸಾಕು. ತಪ್ಪು ಯಾರದೆಂದು ತೀರ್ಮಾನವಾಗುತ್ತದೋ ಅವನ ಕೆಲಸ ಹೋಗುತ್ತದೆ. ಅದು ನನ್ನದಂತೂ ಅಲ್ಲ.

ಜೂನ್ ೫, ಬುಧವಾರ

“ಗೋಡೆ ನೋಡ್ತಾ ಕೂತ್ರೆ ಗೋಡೆ ಸವೆಯಲ್ಲ ರೀ,” ಅಂದಳು ಇವಳು. “ಮೆಟ್ಟಿಲ ಕೆಳಗೆ ನಿಮ್ಮ ಆಸ್ತಿ ಕೊಳೀತಾ ಬಿದ್ದಿದೆ, ಅದನ್ನಾದ್ರೂ ನೋಡಿ.”

ಆಸ್ತಿ ಅಂದರೆ ನಾಲ್ಕು ಡಬ್ಬಿ ಹಳೇ ನಟ್ಟು, ಬೋಲ್ಟು. ದಾರಿಯಲ್ಲಿ, ಡಿಪೋ ನೆಲದಲ್ಲಿ, ಎಲ್ಲಿ ಕಂಡರೂ ಹೆಕ್ಕಿ ಜೇಬಿಗೆ ಹಾಕಿಕೊಳ್ಳುವುದು ನನ್ನ ಕೈಯ ಚಾಳಿ. ಬಟ್ಟೆ ಒಗೆಯುವ ಮೊದಲು ಜೇಬು ತಡಕಿ ಡಬ್ಬಿಗೆ ಹಾಕುವುದು ಇವಳ ಕೆಲಸ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಟ್ಟಿಗೆ ಕೂಡಿಟ್ಟದ್ದು ಇದೊಂದೇ ಅಂತ ಇವಳು ಬಂದವರಿಗೆಲ್ಲ ಹೇಳುತ್ತಾಳೆ.

ಡಬ್ಬಿ ಸುರಿದರೆ ತುಕ್ಕಿನ ಹುಡಿಯೇ ಒಂದು ಹಿಡಿ. ನಟ್ಟು ಬೋಲ್ಟಿಗೆ ಕಚ್ಚಿಕೊಂಡು ಒಂದೇ ಮುದ್ದೆಯಾಗಿವೆ. ತಂತಿ ಬ್ರಷ್ಷಿನಿಂದ ಉಜ್ಜಿ ಉಜ್ಜಿ ಸಂಜೆಯ ಹೊತ್ತಿಗೆ ಹದಿನಾಲ್ಕು ಮುಗಿಸಿದೆ. ಹೆಬ್ಬೆರಳಿನ ಚರ್ಮ ಕಿತ್ತುಹೋಗಿದೆ. ಹೀಗೆ ಮಾಡಿದರೆ ಮುಂದಿನ ಜನ್ಮಕ್ಕೂ ಮುಗಿಯುವುದಿಲ್ಲ.

ಇವಳ ತಮ್ಮ ಇವತ್ತು ಎರಡು ಸಲ ಫೋನ್ ಮಾಡಿದ. ಇವಳು ಎತ್ತಲಿಲ್ಲ. ನನ್ನ ಗಂಡನ ಮೇಲೆ ಗೂಬೆ ಕೂರಿಸೋನು ನನಗೆ ತಮ್ಮನೇ ಅಲ್ಲ ಅಂದಳು. ಅವನು ನನ್ನ ಮೇಲೆ ಏನೂ ಹೇಳಿಲ್ಲ, ನಿಜ ಹೇಳಬೇಕೆಂದರೆ. ನಾನು ಗೆರೆ ನೋಡಿದೆ, ಸಹಿ ಹಾಕಿದೆ ಅಂತಷ್ಟೇ ಹೇಳಿದ್ದಾನಂತೆ. ಇವಳ ಮಾತನ್ನು ನಾನು ತಿದ್ದಲು ಹೋಗಲಿಲ್ಲ. ಅಕ್ಕ ತಮ್ಮನ ನಡುವೆ ನಾನ್ಯಾಕೆ ಬಾಯಿ ಹಾಕಲಿ.

ಜೂನ್ ೮, ಶನಿವಾರ

ಯಂತ್ರ ಕಟ್ಟಿದೆ. ಮೂಲೆಯ ಗುಜರಿಯವನ ಹತ್ತಿರ ಬಸ್ಸಿನ ಹಳೇ ವೈಪರ್ ಮೋಟರು ಸಿಕ್ಕಿತು. ನಿಧಾನ, ಆದರೆ ಹಟಮಾರಿ. ಹಲಗೆಯ ಚೌಕಟ್ಟಿನ ಮೇಲೆ ನಾಲ್ಕು ಬೇರಿಂಗು, ಅದರ ಮೇಲೆ ಮುಚ್ಚಳವಿರುವ ಬಣ್ಣದ ಬಕೆಟ್ಟು ಅಡ್ಡ ಮಲಗಿಸಿದ್ದು. ಮೋಟರು ಬೆಲ್ಟು ಎಳೆದರೆ ಬಕೆಟ್ಟು ಉರುಳುತ್ತದೆ. ಒಳಗೆ ದಪ್ಪ ಮರಳು, ಸೋಪಿನ ನೀರು, ಒಂದು ಡಬ್ಬಿ ನಟ್ಟು. ಒಂದನ್ನೊಂದು ಉಜ್ಜಿಕೊಂಡು ತಾವೇ ಶುದ್ಧವಾಗಬೇಕು.

ಎರಡು ಗಂಟೆ ಓಡಿಸಿ ತೆಗೆದೆ. ಹಾಕಿದ ಹಾಗೇ ಇವೆ. ಬಕೆಟ್ಟಿನ ಒಳಮೈ ನುಣುಪು, ಮರಳೂ ನಟ್ಟೂ ತಳದಲ್ಲಿ ಜಾರಿಕೊಂಡು ಆರಾಮಾಗಿ ಮಲಗಿದ್ದವು, ಬಕೆಟ್ಟು ತನ್ನ ಪಾಡಿಗೆ ತಾನು ಸುತ್ತಿತ್ತು. ಸಿಟ್ಟು ಬಂದು ಮುಚ್ಚಳ ಎಸೆದೆ.

ಇವಳು ಮುಚ್ಚಳ ಎತ್ತಿಕೊಂಡು ಬಂದಳು. “ನಮ್ಮ ಬಟ್ಟೆ ಮಷೀನ್ ಒಳಗೆ ಮೂರು ದಿಣ್ಣೆ ಇದೆಯಲ್ಲ, ಅದು ಯಾಕೆ ಅಂದ್ಕೊಂಡಿದ್ದೀರಿ? ಬಟ್ಟೆನ ಮೇಲಕ್ಕೆ ಎತ್ತಿ ಕೆಡವೋಕೆ. ಬಿದ್ರೆ ತಾನೇ ಕೊಳೆ ಬಿಡೋದು.”

ಇಪ್ಪತ್ತಮೂರು ವರ್ಷದ ಮೆಕ್ಯಾನಿಕ್‌ಗೆ ಹೊಳೆಯಲಿಲ್ಲ. ಒಳಗೆ ಮೂರು ಮರದ ಪಟ್ಟಿ ಸ್ಕ್ರೂ ಹಾಕಿ ಕೂರಿಸಿದೆ.

ಜೂನ್ ೧೧, ಮಂಗಳವಾರ

ಬಂತು. ನಾಲ್ಕು ಗಂಟೆ ಓಡಿಸಿ ಜರಡಿಗೆ ಸುರಿದಾಗ ಕಂದು ನೀರು ಇಳಿದು ಹೋಗಿ ಬೂದು ಬಣ್ಣದ ಕಬ್ಬಿಣ ಕಂಡಿತು. ಪ್ರತಿ ಬೋಲ್ಟಿನ ತಲೆಯ ಮೇಲಿನ ಅಂಕಿ ಓದಬಹುದು. ಸಂತೋಷಕ್ಕೆ ಇವಳನ್ನು ಕೂಗಿ ಕರೆದೆ. ಒರೆಸಿ, ಬಿಸಿಲಿಗೆ ಹರಡಿ, ಕೂಡಲೇ ಎಣ್ಣೆ ಕೈ ಆಡಿಸಬೇಕು. ಅರ್ಧ ಗಂಟೆ ಬಿಟ್ಟರೂ ಮತ್ತೆ ತುಕ್ಕು ಹತ್ತುತ್ತದೆ, ತೊಳೆದ ಕಬ್ಬಿಣಕ್ಕೆ ಇನ್ನೂ ಬೇಗ.

ಇವಳು ಯಂತ್ರಕ್ಕೆ ಗಡಗಡೆ ಅಂತ ಹೆಸರಿಟ್ಟಿದ್ದಾಳೆ. ಪಕ್ಕದ ಮನೆಯ ದರ್ಜಿ ಬಂದು, “ಮೇಸ್ತ್ರಿಗಳೇ, ಕಲ್ಲು ಬೇಯಿಸ್ತಾ ಇದ್ದೀರಾ?” ಅಂತ ಕೇಳಿ ಹೋದ. ಅವನ ಹೊಲಿಗೆ ಯಂತ್ರಕ್ಕೆ ಎರಡು ಸಣ್ಣ ಬೋಲ್ಟು ಹುಡುಕಿ ಕೊಟ್ಟೆ. ಇಡೀ ದಿನ ಒಳ್ಳೆಯದಿತ್ತು. ವಿಚಾರಣೆಯ ನೆನಪೇ ಬರಲಿಲ್ಲ.

ಜೂನ್ ೧೨, ಬುಧವಾರ

ಫೋರ್‌ಮನ್ ಫೋನ್ ಮಾಡಿದ್ದ. ಪೆಟ್ಟಾದ ಹೆಂಗಸು ಶಾಲೆಯ ಟೀಚರಂತೆ, ಕೈಗೆ ಎರಡನೇ ಸಲ ಆಪರೇಷನ್ ಆಯಿತಂತೆ. ಅಯ್ಯೋ ಪಾಪ ಅಂದೆ. ಫೋನ್ ಇಟ್ಟ ಮೇಲೆ, ಯಾವ ಕೈ ಅಂತ ಕೇಳಲೇ ಇಲ್ಲವಲ್ಲ ಅನ್ನಿಸಿತು. ಕೇಳಿ ಏನಾಗಬೇಕಿತ್ತು ಅಂತಲೂ ಅನ್ನಿಸಿತು.

ಅವನು ಇನ್ನೊಂದು ಮಾತು ಕೇಳಿದ. “ಆವತ್ತು ಗೇಟಿನ ಹತ್ರ ಬಂದಾಗ ನಿಮ್ಮ ಕೈಯಲ್ಲಿ ಬ್ರಷ್ ಇತ್ತು, ಪಾನಾ ಇರಲಿಲ್ಲ, ಅಲ್ವಾ?” ನಾನು, ಪಾನಾ ಅಲ್ಲೇ ಇಟ್ಟು ಬಂದಿದ್ದೆ ಅಂದೆ. ಅಲ್ಲೇ ಇಟ್ಟಿದ್ದೆನೋ ಸ್ಟೋರಿನಿಂದ ಇನ್ನೂ ಬಂದಿರಲಿಲ್ಲವೋ. ಅಷ್ಟೆಲ್ಲ ಯಾರಿಗೆ ನೆನಪಿರುತ್ತದೆ? ಬಿಗಿ ಮಾಡಿಯೇ ಇರುತ್ತೇನೆ. ಬಿಗಿ ಮಾಡದೆ ಗೆರೆ ಎಳೆಯುವವನಲ್ಲ ನಾನು.

ಜೂನ್ ೧೬, ಭಾನುವಾರ

ನಾಲ್ಕನೇ ಡಬ್ಬಿ ತೆಗೆದೆ. ಎಲ್ಲಕ್ಕಿಂತ ಮೇಲೆ ಒಂದು ವೀಲ್ ನಟ್ಟು. ಚಕ್ರ ಕಳಚಿದ ಆ ಬಸ್ಸಿನದು. ಬ್ರೇಕ್‌ಡೌನ್ ಗಾಡಿಯಲ್ಲಿ ಅಲ್ಲಿಗೆ ಹೋಗಿದ್ದಾಗ ರಸ್ತೆ ಬದಿಯಿಂದ ಹೆಕ್ಕಿ ಜೇಬಿಗೆ ಹಾಕಿಕೊಂಡಿರಬೇಕು. ಗೊತ್ತೇ ಇರಲಿಲ್ಲ.

ಹೊರಮೈ ಮೇಲೆ ನನ್ನ ಗೆರೆ. ತಿರುಗಿಸಿ ನೋಡಿದೆ. ಚಕ್ರಕ್ಕೆ ಅಮರಿ ಕೂರುವ ಒಳಮುಖದಲ್ಲೂ ಹಳದಿ. ಉಗುರಿನಷ್ಟು ಅಗಲ, ಒಳಗೆ ಇಳಿದು ಒಣಗಿದೆ.

ಬಿಗಿಯಾಗಿ ಕೂತ ನಟ್ಟಿನ ಅಡಿಗೆ ಬಣ್ಣ ಇಳಿಯುವುದಿಲ್ಲ. ಸಂದಿ ಇದ್ದರೆ ಮಾತ್ರ ಇಳಿಯುತ್ತದೆ.

ಊಟ ಬೇಡ ಅಂದೆ.

ಜೂನ್ ೧೭, ಸೋಮವಾರ

ನಾಲ್ಕನೇ ಡಬ್ಬಿ ಪೂರ್ತಿ ಗಡಗಡೆಗೆ ಹಾಕಿದೆ. ಪೂರ್ತಿ. ನಾಲ್ಕು ಗಂಟೆ ಓಡಿತು. ಎಲ್ಲ ಚೆನ್ನಾಗಿ ಬಂದಿವೆ.

ಜೂನ್ ೧೮, ಮಂಗಳವಾರ

ಇವಳು ಒಣಗಲು ಹಾಕಿದ್ದನ್ನು ತಿರುವಿ ಹಾಕುತ್ತಿದ್ದಳು. ಆ ನಟ್ಟನ್ನು ಎತ್ತಿ, “ಇದರ ಒಳಗಡೆ ಹಳದಿ ಮೆತ್ತಿಕೊಂಡಿತ್ತಲ್ಲ, ಎಷ್ಟು ಚೆನ್ನಾಗಿ ಹೋಗಿದೆ,” ಅಂದಳು. “ಆವತ್ತು ನಿಮ್ಮ ಪ್ಯಾಂಟಿನ ಜೇಬಲ್ಲಿ ಸಿಕ್ಕಿದ್ದು. ಡಬ್ಬಿಗೆ ಹಾಕೋ ಮೊದಲು ನಾನೂ ಉಜ್ಜಿದ್ದೆ, ಹೋಗಿರಲಿಲ್ಲ.”

ಅವಳು ಅದನ್ನು ಅಂಗೈಯಲ್ಲಿ ತಿರುಗಿಸುತ್ತಲೇ ಇದ್ದಳು.

“ಅಲ್ಲ ರೀ, ಮುಚ್ಚಳ ಬಿಗಿ ಇದ್ರೆ ಸೀಸೆಯಿಂದ ಎಣ್ಣೆ ಹೊರಗೆ ಬರಲ್ಲ. ನಟ್ಟು ಬಿಗಿ ಇದ್ರೆ ಬಣ್ಣ ಒಳಗೆ ಹೇಗೆ ಹೋಗುತ್ತೆ?”

ಕೂಗಾಡಿದೆ. ಅಡಿಗೆಮನೆ ನೋಡ್ಕೊ, ನಟ್ಟಿನ ವಿಚಾರ ನನಗೆ ಬಿಡು ಅಂದೆ. ಇನ್ನೂ ಏನೇನೋ ಅಂದೆ, ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ನಟ್ಟನ್ನು ಇದ್ದ ಜಾಗದಲ್ಲೇ ಇಟ್ಟು ಒಳಗೆ ಹೋದಳು. ಪಾಪ, ಅವಳು ಸುಮ್ಮನೆ ಕೇಳಿದ್ದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇದ್ದದ್ದು ನನ್ನ ಮನಸ್ಸಿನಲ್ಲಿ.

ಜೂನ್ ೨೦, ಗುರುವಾರ

ಮಧ್ಯಾಹ್ನ ಭಾವಮೈದ ಗಡಿಬಿಡಿ ಬಂದ. ಅವನ ದನಿ ಕೇಳಿ ಇವಳು ಕೋಣೆಯ ಬಾಗಿಲು ಹಾಕಿಕೊಂಡಳು. ಅವನು ಆ ಬಾಗಿಲನ್ನು ಒಂದು ಗಳಿಗೆ ನೋಡಿದ, ಆಮೇಲೆ ನಾನಿದ್ದ ಹಿತ್ತಿಲಿಗೆ ಬಂದು ಮೆಟ್ಟಿಲ ಮೇಲೆ ಕೂತ. ಗಡ್ಡ ಬಿಟ್ಟಿದ್ದಾನೆ. ಕಾಲು ಒಂದು ಕಡೆ ನಿಲ್ಲದ ಮನುಷ್ಯ ಅಲುಗಾಡದೆ ಕೂತದ್ದನ್ನು ಇದೇ ಮೊದಲು ನೋಡಿದ್ದು.

“ಒಪ್ಪಿಕೊಂಡು ಬಿಡ್ತೀನಿ ಭಾವ,” ಅಂದ. “ನಾನು ಸ್ಟೋರಿಂದ ಪಾನಾ ತಗೊಂಡು ಬಂದಾಗ ನೀವಿರಲಿಲ್ಲ. ಹತ್ತಕ್ಕೂ ಗೆರೆ ಬಿದ್ದಿತ್ತು. ಬೇರೆ ಪಾನಾದಲ್ಲಿ ಬಿಗಿ ಮಾಡಿ ಹೋಗಿದ್ದೀರಿ ಅಂದ್ಕೊಂಡೆ. ಬಸ್ಸು ಬೇಗ ಬಿಡಿ ಅಂತ ಡ್ರೈವರು ಕೂಗ್ತಿದ್ದ, ಜಾಕ್ ಇಳಿಸಿ ಸಹಿ ಹಾಕ್ದೆ. ಪಾನಾ ನನ್ನ ಕೈಯಲ್ಲೇ ಇತ್ತು ಭಾವ. ಒಂದ್ಸಲ ಹಾಕಿ ನೋಡಬಹುದಿತ್ತು.”

“ಯಾಕೆ ನೋಡಲಿಲ್ಲ?” ಅಂತ ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

“ನಿಮ್ಮ ಗೆರೆ ಅಲ್ವಾ. ಅದರ ಮೇಲೆ ಪಾನಾ ಹಾಕಿದ್ರೆ ನಿಮಗೆ ಅವಮಾನ ಮಾಡಿದ ಹಾಗಾಗುತ್ತೆ ಅಂತ ಬಿಟ್ಟೆ.”

ಟೀಚರನ್ನು ನೋಡಲು ಎರಡು ಸಲ ಆಸ್ಪತ್ರೆಗೆ ಹೋಗಿದ್ದನಂತೆ. “ಬಲಗೈ. ಬೋರ್ಡ್ ಮೇಲೆ ಬರೆಯೋ ಕೈ. ಬೆರಳು ಇನ್ನೂ ಮಡಚೋಕೆ ಬರಲ್ಲ.” ಹೋಗುವಾಗ ಗಡಗಡೆ ನೋಡಿದ. ಬೆಲ್ಟು ಸ್ವಲ್ಪ ಓರೆ ಇದೆ ಅಂತ ಮೋಟರನ್ನು ಬೆರಳಲ್ಲಿ ತಳ್ಳಿ ಸರಿ ಮಾಡಿದ. “ಅಕ್ಕನಿಗೆ ಹೇಳಿ, ನನಗೆ ಸಿಟ್ಟಿಲ್ಲ ಅಂತ.”

ಹೇಳಲಿಲ್ಲ.

ಜೂನ್ ೨೧, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಆವತ್ತು ಇನ್ನೊಂದು ಬಸ್ಸಿಗೆ ಗೆರೆ ಎಳೆದು ಬಂದಿದ್ದೆ. ಬಣ್ಣದ ಡಬ್ಬಿಯೂ ಬ್ರಷ್ಷೂ ಕೈಯಲ್ಲೇ ಇದ್ದವು. ಹತ್ತು ನಟ್ಟನ್ನೂ ಕೈಯಲ್ಲಿ ತಿರುಗಿಸಿದ್ದೆವು, ಗಡಿಬಿಡಿ ಪಾನಾ ತರಲು ಹೋಗಿದ್ದ. ಹೇಗಿದ್ದರೂ ಬಿಗಿ ಮಾಡುವವನು ನಾನೇ, ಮತ್ತೆ ಡಬ್ಬಿ ತೆರೆಯುವುದೇಕೆ ಅಂತ ಗೆರೆ ಎಳೆದುಬಿಟ್ಟೆ. ಒಂದು, ಎರಡು, ಹತ್ತು. ನೇರವಾಗಿ, ಚೆಂದವಾಗಿ. ಬಿಗಿ ಮಾಡಿದ ಮೇಲೆ ಗೆರೆ ಮುರಿದು ಕಾಣುತ್ತದಲ್ಲ, ಆಗ ಅದರ ಮೇಲೆ ಇನ್ನೊಂದು ಸಲ ಬ್ರಷ್ ಆಡಿಸಿದರಾಯಿತು. ಹಾಗೆ ಮಾಡಿದ್ದು ಅದೇ ಮೊದಲ ಸಲ ಅಲ್ಲ. ಮೂರು ನಾಲ್ಕು ವರ್ಷದಿಂದ, ಅವಸರವಿದ್ದಾಗಲೆಲ್ಲ, ಹಾಗೇ ಮಾಡುತ್ತಿದ್ದೆ. ಪ್ರತಿ ಸಲವೂ ಆಮೇಲೆ ಬಿಗಿ ಮಾಡಿದ್ದೆ. ಆವತ್ತು ಫೋರ್‌ಮನ್ ಕರೆದ. ಗೇಟಿನಲ್ಲಿ ನಿಂತುಹೋದ ಬಸ್ಸು ಶುರುವಾಗಲು ನಲವತ್ತು ನಿಮಿಷ ಹಿಡಿಯಿತು. ವಾಪಸ್ ಬಂದಾಗ ಜಾಗ ಖಾಲಿ. ಗಡಿಬಿಡಿ ಬಿಗಿ ಮಾಡಿ ಕಳಿಸಿದ್ದಾನೆ ಅಂದುಕೊಂಡೆ. ಅಂದುಕೊಳ್ಳುವುದು ಸುಲಭವಾಗಿತ್ತು.

ನಮ್ಮ ಡಿಪೋದಲ್ಲಿ ಗೆರೆ ಇದೆ ಅಂದರೆ ಬಿಗಿ ಇದೆ ಅಂತ ಲೆಕ್ಕ. ಆ ಲೆಕ್ಕ ಕಲಿಸಿದವನೇ ನಾನು.

ಚಕ್ರ ಕಳಚಿದೆ ಅಂತ ಸುದ್ದಿ ಬಂದ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು, ನಾನು ಬಿಗಿ ಮಾಡಿದ್ದೆ. ಯಾರೂ ಕೇಳುವ ಮೊದಲೇ ಹೇಳಿದ್ದೆ. ಹೇಳಿದ ಮೇಲೆ ಅದನ್ನೇ ನಂಬಿಕೊಂಡು ಬಂದೆ.

ಈಗ ಆ ನಟ್ಟು ಬೆಳ್ಳಗೆ ಹೊಳೆಯುತ್ತಿದೆ. ಅದನ್ನು ಹಿಡಿದು ಯಾರೂ ಏನೂ ಸಾಬೀತು ಮಾಡಲಾರರು. ಸಮಾಧಾನ ಆಗಬೇಕಿತ್ತು. ಭಯ ಆಗುತ್ತಿದೆ.

ಜೂನ್ ೨೨, ಶನಿವಾರ

ಬೆಳಿಗ್ಗೆ ಇವಳಿಗೆ ಹೇಳಿದೆ. ಟೀ ಲೋಟ ಕೈಯಲ್ಲಿ ಹಿಡಿದುಕೊಂಡೇ ಪೂರ್ತಿ ಕೇಳಿದಳು. ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ.

“ಅವನಿಗೆ ನಾನು ಏನಂದಿದ್ದೆ ಗೊತ್ತಾ ನಿಮಗೆ?” ಅಂದಳು. “ನನ್ನ ಮನೆ ಹೊಸಿಲು ತುಳೀಬೇಡ ಅಂದಿದ್ದೆ. ನಾನು ಎತ್ತಿ ಆಡಿಸಿದ ಕೂಸು ರೀ ಅದು.”

ಲೋಟ ಇಟ್ಟು ಸೀರೆ ಬದಲಾಯಿಸಿ ಬಂದಳು. ತಮ್ಮನ ಮನೆಗೆ ಹೊರಟಿದ್ದಳು. ಅವನಿಗೆ ಎಲ್ಲ ಹೇಳುತ್ತೀಯಾ ಅಂತ ಕೇಳಿದೆ.

“ನಾನು ಆಡಿದ ಮಾತು ನಾನು ವಾಪಸ್ ತಗೊಂಡು ಬರ್ತೀನಿ, ಅಷ್ಟೇ. ನಿಮ್ಮದು ನೀವೇ ಹೇಳಬೇಕು, ಹೇಳೋ ಜಾಗದಲ್ಲಿ.”

ನಾನೂ ಬರಲಾ ಅಂದೆ. “ಇವತ್ತು ಬೇಡ,” ಅಂದು ಬಾಗಿಲು ಮುಂದೆ ಮಾಡಿಕೊಂಡು ಹೋದಳು. ಮನೆಯಲ್ಲಿ ಕೂರಲಾಗಲಿಲ್ಲ. ಗಡಗಡೆ ಹಾಕುವ ಮನಸ್ಸೂ ಬರಲಿಲ್ಲ.

ಜೂನ್ ೨೪, ಸೋಮವಾರ

ವಿಚಾರಣೆ ಅಧಿಕಾರಿ ತೆಳ್ಳಗಿನ ಮನುಷ್ಯ, ನಿಧಾನ. ಮೇಜಿನ ಈಚೆ ನಾನು, ಗಡಿಬಿಡಿ, ಫೋರ್‌ಮನ್. ಮೂಲೆಯಲ್ಲಿ ಟೈಪ್ ಮಾಡುವ ಹೆಂಗಸು. ಗಡಿಬಿಡಿ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. ಮೂರು ವಾರ ರಿಹರ್ಸಲ್ ಮಾಡಿದ ಮಾತು ಒಂದೂ ಬರಲಿಲ್ಲ.

“ನಟ್ಟು ಬಿಗಿ ಮಾಡಿರಲಿಲ್ಲ ಸಾರ್. ಬಿಗಿ ಮಾಡದೆ ಗೆರೆ ಎಳೆದವನು ನಾನು. ಅವನು ಗೆರೆ ನೋಡಿ ನಂಬಿದ.”

ಅಧಿಕಾರಿ ಕಾಗದ ತಿರುವಿದರು. “ನಿಮ್ಮ ಮೊದಲಿನ ಹೇಳಿಕೆಯಲ್ಲಿ ಬೇರೆ ಇದೆಯಲ್ಲ.”

“ಅದು ಸುಳ್ಳು.”

“ಈಗ ಹೇಳ್ತಿರೋದಕ್ಕೆ ಏನಾದ್ರೂ ಸಾಕ್ಷಿ ಇದೆಯಾ? ಸಂಬಂಧಿಕರನ್ನ ಉಳಿಸೋಕೆ ಹೇಳ್ತಿಲ್ಲ ಅಂತ ನಾನು ಹೇಗೆ ನಂಬಲಿ?”

“ಇತ್ತು ಸಾರ್. ಒಂದು ನಟ್ಟು. ಅದರ ಒಳಮುಖಕ್ಕೆ ಬಣ್ಣ ಇಳಿದಿತ್ತು. ನೋಡಿ ಗೊತ್ತಾದ ಮೇಲೆ ಮರಳು ಹಾಕಿ ನಾಲ್ಕು ಗಂಟೆ ತಿರುಗಿಸಿ ತೊಳೆದುಬಿಟ್ಟೆ.”

ಟೈಪ್ ಮಾಡುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. “ಇದನ್ನೂ ಹಾಕ್ಲಾ ಸಾರ್?”

“ಹಾಕಿ ಅಮ್ಮಾ,” ಅಂದೆ ನಾನೇ.

ಫೋರ್‌ಮನ್ ಎದ್ದು, ಗೇಟಿನ ಹತ್ತಿರ ನನ್ನ ಕೈಯಲ್ಲಿ ಬ್ರಷ್ ಇದ್ದದ್ದನ್ನು ಹೇಳಿದ. ಸಹಿ ಹಾಕಿದೆ.

ಹೊರಗೆ ಓಣಿಯಲ್ಲಿ ಗಡಿಬಿಡಿ ನಿಂತಿದ್ದ. ಮುಖ ಕೆಂಪಾಗಿತ್ತು. ಹತ್ತಿರ ಹೋದೆ.

“ಮೂವತ್ತು ದಿನ,” ಅಂದ. “ಮೂವತ್ತು ದಿನ ಆ ಟೀಚರ್ ಕೈ ನಾನೇ ಮುರಿದದ್ದು ಅಂದ್ಕೊಂಡು ಮಲಗಿದ್ದೀನಿ, ಎದ್ದಿದ್ದೀನಿ. ಮೊನ್ನೆ ನಿಮ್ಮನೆ ಮೆಟ್ಟಿಲ ಮೇಲೆ ಕೂತು ಹೇಳಿದಾಗ್ಲೂ ಸುಮ್ಮನಿದ್ರಲ್ಲ.”

ತಪ್ಪಾಯಿತು ಅಂದೆ. ಅವನು ಭಾವ ಅಂತ ಕರೆಯಲಿಲ್ಲ, ತಿರುಗಿಯೂ ನೋಡಲಿಲ್ಲ, ಹೊರಟುಹೋದ. ಅವನು ಬೈದದ್ದು ಸರಿಯಾಗಿಯೇ ಇದೆ.

ಜುಲೈ ೪, ಗುರುವಾರ

ಆದೇಶ ಬಂತು. ಗಡಿಬಿಡಿಗೆ ಎಚ್ಚರಿಕೆ ಕೊಟ್ಟು ವಾಪಸ್ ತೆಗೆದುಕೊಂಡಿದ್ದಾರೆ. ನನ್ನನ್ನು ಕೆಲಸದಿಂದ ತೆಗೆದಿಲ್ಲ, ತಾನಾಗಿ ಒಪ್ಪಿಕೊಂಡದ್ದರಿಂದ ಅಂತ ಬರೆದಿದೆ. ಮೆಕ್ಯಾನಿಕ್‌ನಿಂದ ಹೆಲ್ಪರ್‌ಗೆ ಇಳಿಸಿದ್ದಾರೆ. ಎರಡು ವರ್ಷ ಕಾರ್ಡಿಗೆ ಸಹಿ ಹಾಕುವಂತಿಲ್ಲ, ಗೆರೆ ಎಳೆಯುವಂತಿಲ್ಲ. ಸೋಮವಾರದಿಂದ ಡ್ಯೂಟಿ.

ನಿನ್ನೆ ಟೀಚರ ಮನೆಗೆ ಹೋಗಿದ್ದೆ. ಯಾರು ಅಂತ ಹೇಳಿದೆ. ಅವರ ಗಂಡ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು, ಒಳಗೆ ಕರೆಯಲಿಲ್ಲ. ಮತ್ತೆ ಹೋಗಬೇಕು.

ಜುಲೈ ೮, ಸೋಮವಾರ

ಇವಳು ಇವತ್ತು ಎರಡು ಡಬ್ಬಿ ಬುತ್ತಿ ಕಟ್ಟಿ ಕೊಟ್ಟಳು, ಒಂದು ನನಗೆ, ಒಂದು ತಮ್ಮನಿಗೆ. ಮಾತಿಲ್ಲದೆ ಅವನ ಕೈಗೆ ಕೊಟ್ಟೆ, ಮಾತಿಲ್ಲದೆ ತೆಗೆದುಕೊಂಡ.

ಮೊದಲ ಕೆಲಸವೇ ಮುಂದಿನ ಬಲ ಚಕ್ರ. ಫೋರ್‌ಮನ್ ನನ್ನ ಕೈಗೆ ಪಾನಾ ಕೊಟ್ಟ, ಬಣ್ಣದ ಡಬ್ಬಿಯನ್ನು ಗಡಿಬಿಡಿಗೆ ಕೊಟ್ಟ. ಸುತ್ತ ಕೆಲಸ ಮಾಡುತ್ತಿದ್ದವರೆಲ್ಲ ನೋಡದ ಹಾಗೆ ನೋಡುತ್ತಿದ್ದರು. ಹತ್ತು ನಟ್ಟನ್ನೂ ಬಿಗಿ ಮಾಡಿದೆ, ಮೈಭಾರ ಪೂರ್ತಿ ಹಾಕಿ. ಎದ್ದು ಪಕ್ಕಕ್ಕೆ ನಿಂತೆ.

ಗಡಿಬಿಡಿ ಡಬ್ಬಿ ಕೆಳಗಿಟ್ಟು ನನ್ನ ಕೈಯಿಂದ ಪಾನಾ ತೆಗೆದುಕೊಂಡ. ನಾನು ಬಿಗಿ ಮಾಡಿದ ನಟ್ಟುಗಳ ಮೇಲೆ ಒಂದೊಂದಾಗಿ ಹಾಕಿ ಒತ್ತಿ ನೋಡತೊಡಗಿದ. ಇಪ್ಪತ್ತಮೂರು ವರ್ಷದಲ್ಲಿ ನಾನು ಕೂರಿಸಿದ ನಟ್ಟಿನ ಮೇಲೆ ಇನ್ನೊಬ್ಬರು ಪಾನಾ ಹಾಕಿದ್ದು ಇದೇ ಮೊದಲು. ನನಗೆ ಸಿಟ್ಟು ಬರಲಿಲ್ಲ. ವಯಸ್ಸಾಯಿತು ಅಂತ ಕಾಣುತ್ತದೆ.

ಒಂಬತ್ತು ಮುಗಿಸಿದ. ಒಂದೂ ಅಲುಗಲಿಲ್ಲ. ಹತ್ತನೆಯದಕ್ಕೆ ಪಾನಾ ಹಾಕುವ ಮೊದಲು ನಿಂತ. ತಲೆ ಎತ್ತಿ ನನ್ನ ಮುಖ ನೋಡಿದ. ಸಾಕಾ ಅಂತ ಕೇಳುತ್ತಿದ್ದ, ಬಾಯಿಬಿಟ್ಟು ಕೇಳಲಿಲ್ಲ.

“ಅದನ್ನೂ ನೋಡು,” ಅಂದೆ.

“ಸರಿ ಭಾವ,” ಅಂದು ನೋಡಿದ.